ಸ್ವಂತ ಮೇಲ್ ಸರ್ವರ್: ಹೊಂದಿಸುವ ಕ್ರಮ, ಕೆಟ್ಟಾಗ ನೋಡಬೇಕಾದ ಜಾಗ

ಸ್ವಂತ ಮೇಲ್ ಸರ್ವರ್ ಕಟ್ಟುವಾಗ ಸಾಫ್ಟ್‌ವೇರ್ ಹಾಕುವುದು ಒಂದು ಸಂಜೆಯಲ್ಲಿ ಮುಗಿಯುವ ಕೆಲಸ. ನಿಮ್ಮ ಐಪಿ ವಿಳಾಸವನ್ನೂ ಡೊಮೇನನ್ನೂ ಬೇರೆಯವರ ಸರ್ವರ್‌ಗಳು ನಂಬುವಂತೆ ಮಾಡುವುದಕ್ಕೆ ಮಾತ್ರ ಹೊತ್ತು ಹಿಡಿಯುತ್ತದೆ. ಮೇಲ್ ಬರಮಾಡಿಕೊಳ್ಳುವುದು ಸಲೀಸು. ಕಳಿಸಿದ ಮೇಲ್ ಸ್ಪ್ಯಾಮ್ ಫೋಲ್ಡರ್ ದಾಟಿ ಇನ್‌ಬಾಕ್ಸ್‌ಗೆ ಹೋಗಿ ಬೀಳಬೇಕಲ್ಲ, ಅಲ್ಲೇ ಇರುವುದು ಕಷ್ಟ. ಅದಕ್ಕೇ ಇಲ್ಲಿ ಡಿಎನ್‌ಎಸ್‌ಗೂ (ಡೊಮೇನ್ ಹೆಸರಿನ ದಾಖಲೆಗಳ ವ್ಯವಸ್ಥೆ) ಲಾಗ್‌ಗೂ ಹೆಚ್ಚು ಜಾಗ ಕೊಟ್ಟಿದೆ.

ಡೆಬಿಯನ್ ಅಥವಾ ಉಬುಂಟು ಸರ್ವರ್ ಮೇಲೆ ಮೇಲ್ ಸಾಗಿಸಲು ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್ ಮತ್ತು ಲಾಗಿನ್ ನೋಡಿಕೊಳ್ಳಲು ಡವ್‌ಕಾಟ್, ಸ್ಪ್ಯಾಮ್ ತಡೆಗೂ ಮೇಲ್ ನಿಮ್ಮದೇ ಎಂದು ತೋರಿಸುವ ಡಿಕಿಮ್ ಸಹಿಗೂ ಆರ್‌ಸ್ಪ್ಯಾಮ್‌ಡಿ ಇದೆ ಎಂದಿಟ್ಟುಕೊಂಡು ಹೇಳಿದ್ದೇವೆ. ಕಮಾಂಡು, ಸೆಟ್ಟಿಂಗ್‌ಗಳ ಹೆಸರನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣಕ್ಷರ ಬಳಸಿ, ಅಂಡರ್‌ಸ್ಕೋರ್ ಇದ್ದಲ್ಲಿ ಇದ್ದ ಹಾಗೇ ಹಾಕಿ.

ಇನ್‌ಸ್ಟಾಲ್ ಮಾಡುವ ಮೊದಲೇ ನೋಡಬೇಕಾದ್ದು

ಮೊದಲು ಹೊರಹೋಗುವ 25ನೇ ಪೋರ್ಟ್. ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವುದು ಇದೊಂದರಿಂದಲೇ. ಸ್ಪ್ಯಾಮ್ ಹೆದರಿಕೆಯಿಂದ ಬಹಳಷ್ಟು ಕ್ಲೌಡ್ ಕಂಪನಿಗಳು ಹೊಸ ಗ್ರಾಹಕರಿಗೆ ಇದನ್ನು ಮುಚ್ಚಿಯೇ ಕೊಡುತ್ತವೆ. ಸರ್ವರ್‌ನಿಂದ ಯಾವುದಾದರೂ ದೊಡ್ಡ ಮೇಲ್ ಸೇವೆಯ ಎಂಎಕ್ಸ್ ಹೋಸ್ಟ್‌ನ (ಆ ಸೇವೆಗೆ ಮೇಲ್ ಬರಮಾಡಿಕೊಳ್ಳುವ ಸರ್ವರ್) 25ನೇ ಪೋರ್ಟ್‌ಗೆ ಟೆಲ್‌ನೆಟ್ ಮಾಡಿ. "220" ಎಂದು ಶುರುವಾಗುವ ಸಾಲು ಬಂದರೆ ದಾರಿ ತೆರೆದಿದೆ. ಏನೂ ಬರದೆ ಟೈಮ್‌ಔಟ್ ಆದರೆ ಪ್ರೊವೈಡರ್‌ಗೆ ಟಿಕೆಟ್ ಹಾಕಿ ತೆರೆಸಿಕೊಳ್ಳಿ. ನಿಮ್ಮ ಕಡೆಯ ಫೈರ್‌ವಾಲ್ ಎಷ್ಟು ತಿರುಚಿದರೂ ಇದು ತೆರೆಯುವುದಿಲ್ಲ.

ಎರಡನೆಯದು ಪಿಟಿಆರ್, ಅಂದರೆ ಐಪಿಯಿಂದ ಹೆಸರಿಗೆ ಹೋಗುವ ರಿವರ್ಸ್ ಡಿಎನ್‌ಎಸ್ ದಾಖಲೆ. ಇದನ್ನು ಡೊಮೇನ್ ಕೊಂಡ ಕಡೆ ಹುಡುಕಿ ಸುಸ್ತಾಗುವವರು ಬಹಳ. ಅದು ಇರುವುದು ಐಪಿ ಯಾರದೋ ಅವರ ಕೈಯಲ್ಲಿ, ಅಂದರೆ ಸರ್ವರ್ ಪ್ರೊವೈಡರ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ. ಪಿಟಿಆರ್ ತೋರಿಸುವ ಹೆಸರು, ಆ ಹೆಸರಿನ ಎ ದಾಖಲೆ (ಹೆಸರಿನಿಂದ ಐಪಿಗೆ ಹೋಗುವುದು), ಪೋಸ್ಟ್‌ಫಿಕ್ಸ್ ತನ್ನನ್ನು ಪರಿಚಯಿಸಿಕೊಳ್ಳುವ ಹೆಲೋ ಹೆಸರು, ಈ ಮೂರೂ ಒಂದೇ ಹೆಸರಿಗೆ ತಾಳೆಯಾಗಲಿ. ಉದಾಹರಣೆಗೆ "ಮೇಲ್.ಎಕ್ಸಾಂಪಲ್.ಕಾಮ್".

ಮೂರನೆಯದು ಐಪಿಯ ಪೂರ್ವಚರಿತ್ರೆ. ನಿಮಗಿಂತ ಮುಂಚೆ ಅದೇ ವಿಳಾಸದಿಂದ ಯಾರೋ ಸ್ಪ್ಯಾಮ್ ಸುರಿದಿರಬಹುದು. ಸ್ಪ್ಯಾಮ್‌ಹೌಸ್ ಮೊದಲಾದ ಬ್ಲಾಕ್‌ಲಿಸ್ಟ್‌ಗಳಲ್ಲಿ ಹುಡುಕಿ, ಇದ್ದರೆ ಆ ಸರ್ವರನ್ನು ಆಗಲೇ ಅಳಿಸಿ ಬೇರೆ ಐಪಿ ತೆಗೆದುಕೊಳ್ಳಿ. ಎಲ್ಲ ಹೊಂದಿಸಿ ಆದಮೇಲೆ ಐಪಿ ಬದಲಿಸುವುದು ಎರಡು ಪಟ್ಟು ಕೆಲಸ.

ಮನೆಯ ಬ್ರಾಡ್‌ಬ್ಯಾಂಡ್‌ನಿಂದ ನೇರವಾಗಿ ಕಳಿಸುವ ಆಸೆ ಬೇಡ. ಅಂಥ ಐಪಿಗಳು ಸಾಮಾನ್ಯವಾಗಿ ಸ್ಪ್ಯಾಮ್‌ಹೌಸ್‌ನ ಪಿಬಿಎಲ್ (ನೇರವಾಗಿ ಮೇಲ್ ಕಳಿಸಬಾರದ ಐಪಿಗಳ) ಪಟ್ಟಿಯಲ್ಲಿ ಇದ್ದೇ ಇರುತ್ತವೆ, ಪಿಟಿಆರ್ ಬದಲಿಸಲೂ ಆಗುವುದಿಲ್ಲ. ಸರ್ವರ್ ಮನೆಯಲ್ಲೇ ಇರಬೇಕೆಂದಿದ್ದರೆ ಹೊರಹೋಗುವ ಮೇಲನ್ನು "ರಿಲೇಹೋಸ್ಟ್" ಸೆಟ್ಟಿಂಗ್ ಮೂಲಕ ಯಾವುದಾದರೂ ರಿಲೇ ಸೇವೆಗೆ ವಹಿಸಿ. ಮೇಲ್‌ಬಾಕ್ಸ್ ಆಗಲೂ ನಿಮ್ಮ ಕೈಯಲ್ಲೇ ಇರುತ್ತದೆ. ಇದರಲ್ಲಿ ಅವಮಾನವೇನೂ ಇಲ್ಲ.

ಯಂತ್ರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕೆಲವೇ ಜನರ ಮೇಲ್‌ಬಾಕ್ಸ್‌ಗೆ 2 ಜಿಬಿ ರ‍್ಯಾಮ್ ಸಾಕು. ಕ್ಲಾಮ್‌ಎವಿ ಸೇರಿಸಿದರೆ ಲೆಕ್ಕ ತಪ್ಪುತ್ತದೆ: ಅದೊಂದೇ 1 ಜಿಬಿಗೂ ಮೇಲೆ ನುಂಗುತ್ತದೆ, ವೈರಸ್ ಡೇಟಾಬೇಸ್ ಮರುಲೋಡ್ ಆಗುವಾಗ ಇನ್ನೂ ಏರುತ್ತದೆ. ಸಣ್ಣ ಸರ್ವರ್‌ನಲ್ಲಿ ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಡಿಎನ್‌ಎಸ್‌ನ ಮೊದಲ ಸುತ್ತು

"ಮೇಲ್" ಹೆಸರಿಗೆ ಎ ದಾಖಲೆ, ಡೊಮೇನ್‌ಗೆ 10 ಆದ್ಯತೆಯ ಒಂದು ಎಂಎಕ್ಸ್ ದಾಖಲೆ. ಎಂಎಕ್ಸ್ ಒಂದು ಹೆಸರನ್ನು ತೋರಿಸಬೇಕು. ಐಪಿಯನ್ನು ನೇರವಾಗಿ ಬರೆಯುವುದೂ ತಪ್ಪು, ಸಿನೇಮ್ (ಇನ್ನೊಂದು ಹೆಸರಿಗೆ ಕೈತೋರಿಸುವ ದಾಖಲೆ) ಇರುವ ಹೆಸರನ್ನು ಕೊಡುವುದೂ ತಪ್ಪು. ಕ್ಲೌಡ್‌ಫ್ಲೇರ್ ಬಳಸುವವರು "ಮೇಲ್" ದಾಖಲೆಯ ಪ್ರಾಕ್ಸಿಯನ್ನು, ಅಂದರೆ ಆ ಕಿತ್ತಳೆ ಬಣ್ಣದ ಮೋಡವನ್ನು ಆಫ್ ಮಾಡಿ. ಅದು ವೆಬ್ ಟ್ರಾಫಿಕ್‌ಗೆ ಇರುವುದು, 25ನೇ ಪೋರ್ಟ್ ಅದರೊಳಗೆ ಹಾಯುವುದಿಲ್ಲ.

ಐಪಿವಿ6 ವಿಳಾಸ ಇದ್ದರೆ ಅದಕ್ಕೂ ಪಿಟಿಆರ್ ಬೇಕು, ಮುಂದೆ ಹೇಳುವ ಎಸ್‌ಪಿಎಫ್ ಪಟ್ಟಿಯಲ್ಲಿ ಅದಕ್ಕೂ ಜಾಗ ಬೇಕು. ಇದನ್ನು ಮರೆತಾಗಲೇ "ಒಮ್ಮೆ ಹೋಗುತ್ತದೆ, ಒಮ್ಮೆ ಹೋಗುವುದಿಲ್ಲ" ಎಂಬ ವಿಚಿತ್ರ ಕಾಟ ಗಂಟುಬೀಳುವುದು. ಅಷ್ಟೆಲ್ಲ ಮಾಡಲು ಸದ್ಯಕ್ಕೆ ಮನಸ್ಸಿಲ್ಲದಿದ್ದರೆ ಪೋಸ್ಟ್‌ಫಿಕ್ಸ್‌ನಲ್ಲಿ "ಐನೆಟ್_ಪ್ರೊಟೊಕಾಲ್ಸ್ = ಐಪಿವಿ4" ಎಂದು ಹಾಕಿ, ಪೋಸ್ಟ್‌ಫಿಕ್ಸನ್ನು ರೀಸ್ಟಾರ್ಟ್ ಮಾಡಿ.

ಹಳೆಯ ಸೇವೆಯಿಂದ ಸ್ಥಳಾಂತರ ಮಾಡುತ್ತಿದ್ದರೆ ಎರಡು ದಿನ ಮುಂಚೆಯೇ ಎಂಎಕ್ಸ್‌ನ ಟಿಟಿಎಲ್ (ಬೇರೆಯವರು ಆ ದಾಖಲೆಯನ್ನು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ. ಬದಲಿಸುವ ಕ್ಷಣದಲ್ಲಿ ಇಳಿಸಿದರೆ ಉಪಯೋಗವಿಲ್ಲ, ಹಳೆಯ ಟಿಟಿಎಲ್ ಆಗಲೇ ಎಲ್ಲರ ಕ್ಯಾಶ್‌ನಲ್ಲಿ ಕೂತಿರುತ್ತದೆ.

ಪೋಸ್ಟ್‌ಫಿಕ್ಸ್, ಡವ್‌ಕಾಟ್

"ಮೇನ್.ಸಿಎಫ್" ಫೈಲಿನಲ್ಲಿ "ಮೈಹೋಸ್ಟ್‌ನೇಮ್" ಪಿಟಿಆರ್‌ನಲ್ಲಿರುವ ಹೆಸರೇ ಆಗಿರಲಿ. ಮೇಲ್‌ಬಾಕ್ಸ್‌ಗಳು ಸಿಸ್ಟಂ ಯೂಸರ್‌ಗಳಲ್ಲದೆ ವರ್ಚುವಲ್ ಆಗಿದ್ದರೆ ನಿಮ್ಮ ಡೊಮೇನನ್ನು "ವರ್ಚುವಲ್_ಮೇಲ್‌ಬಾಕ್ಸ್_ಡೊಮೇನ್ಸ್" ಸಾಲಿನಲ್ಲಿ ಬರೆಯಿರಿ, "ಮೈಡೆಸ್ಟಿನೇಶನ್"ನಲ್ಲಿ ಲೋಕಲ್‌ಹೋಸ್ಟ್ ಮಾತ್ರ ಇರಲಿ. ಒಂದೇ ಡೊಮೇನ್ ಎರಡೂ ಕಡೆ ಇದ್ದರೆ ಪೋಸ್ಟ್‌ಫಿಕ್ಸ್ ಲಾಗ್‌ನಲ್ಲಿ ಎಚ್ಚರಿಸುತ್ತದೆ, ಆಮೇಲೆ ಅದನ್ನು ಲೋಕಲ್ ಡೊಮೇನ್ ಎಂದೇ ತಿಳಿದು "ಯೂಸರ್ ಅನ್‌ನೋನ್ ಇನ್ ಲೋಕಲ್ ರಿಸಿಪಿಯೆಂಟ್ ಟೇಬಲ್" ಎಂದು ಮೇಲ್ ತಿರಸ್ಕರಿಸುತ್ತದೆ.

"ವರ್ಚುವಲ್_ಮೇಲ್‌ಬಾಕ್ಸ್_ಮ್ಯಾಪ್ಸ್" ಖಾಲಿ ಬಿಡಬೇಡಿ. ಮೇಲನ್ನು ಎಲ್‌ಎಂಟಿಪಿ (ಸರ್ವರ್ ಒಳಗೇ ಮೇಲ್ ದಾಟಿಸುವ ವಿಧಾನ) ಮೂಲಕ ಡವ್‌ಕಾಟ್‌ಗೆ ಒಪ್ಪಿಸುವ ವ್ಯವಸ್ಥೆಯಲ್ಲಿ ಇದು ಬೇಡ ಅನ್ನಿಸುತ್ತದೆ, ಮೇಲೂ ಸರಿಯಾಗೇ ಬರುತ್ತಿರುತ್ತದೆ. ಆದರೆ ಪಟ್ಟಿ ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್ ನಿಮ್ಮ ಡೊಮೇನ್‌ನ ಯಾವ ಹೆಸರಿಗೆ ಬಂದ ಮೇಲನ್ನೂ ಒಪ್ಪಿಕೊಳ್ಳುತ್ತದೆ. ಡವ್‌ಕಾಟ್ "ಇಂಥವರಿಲ್ಲ" ಎಂದಾಗ ಪೋಸ್ಟ್‌ಫಿಕ್ಸ್ ಬೌನ್ಸ್ (ತಲುಪಲಿಲ್ಲ ಎಂಬ ಮರುಮೇಲ್) ಕಳಿಸುತ್ತದೆ. ಸ್ಪ್ಯಾಮ್‌ನಲ್ಲಿ ಕಳಿಸಿದವರ ವಿಳಾಸ ಸುಳ್ಳಾಗಿರುವುದರಿಂದ ಆ ಬೌನ್ಸ್ ಸಂಬಂಧವೇ ಇಲ್ಲದವರ ಮೇಲೆ ಬೀಳುತ್ತದೆ, ನಿಮ್ಮ ಐಪಿಗೆ ಕೆಟ್ಟ ಹೆಸರು ಬರುತ್ತದೆ.

ಯಾರ ಮೇಲನ್ನಾದರೂ ಯಾರಿಗಾದರೂ ಸಾಗಿಸುವ ಓಪನ್ ರಿಲೇ ಆಗದಂತೆ "ಎಸ್‌ಎಂಟಿಪಿಡಿ_ರಿಲೇ_ರಿಸ್ಟ್ರಿಕ್ಷನ್ಸ್" ಸಾಲಿನಲ್ಲಿ ಕ್ರಮವಾಗಿ "ಪರ್ಮಿಟ್_ಮೈನೆಟ್‌ವರ್ಕ್ಸ್", "ಪರ್ಮಿಟ್_ಎಸ್‌ಎಎಸ್‌ಎಲ್_ಆಥೆಂಟಿಕೇಟೆಡ್", "ರಿಜೆಕ್ಟ್_ಅನ್‌ಆಥ್_ಡೆಸ್ಟಿನೇಶನ್" ಇರಲಿ. "ಮೈನೆಟ್‌ವರ್ಕ್ಸ್"ನಲ್ಲಿ ಲೂಪ್‌ಬ್ಯಾಕ್ ವಿಳಾಸಗಳನ್ನು ಬಿಟ್ಟು ಇನ್ನೇನೂ ಬೇಡ. ಡಾಕರ್‌ನಲ್ಲಿ ನಡೆಸುವವರಿಗೆ ಇಲ್ಲೊಂದು ಗುಂಡಿ ಇದೆ. ಕೆಲವು ನೆಟ್‌ವರ್ಕ್ ಜೋಡಣೆಗಳಲ್ಲಿ ಹೊರಗಿನಿಂದ ಬಂದ ಸಂಪರ್ಕವೂ ಡಾಕರ್ ಗೇಟ್‌ವೇಯ ಐಪಿಯಿಂದ ಬಂದಂತೆ ಕಾಣುತ್ತದೆ. 172.16.0.0/12 ಶ್ರೇಣಿಯನ್ನು "ಮೈನೆಟ್‌ವರ್ಕ್ಸ್"ಗೆ ಸೇರಿಸಿದ್ದರೆ ಇಡೀ ಜಗತ್ತಿಗೆ ಬಾಗಿಲು ತೆರೆದಂತೆಯೇ. ಹೊರಗಿನಿಂದ ಒಮ್ಮೆ ಸಂಪರ್ಕಿಸಿ, ಲಾಗ್‌ನಲ್ಲಿ ನಿಜವಾದ ಐಪಿ ಕಾಣುತ್ತಿದೆಯೇ ಎಂದು ಖಚಿತ ಮಾಡಿಕೊಳ್ಳಿ.

"ಮಾಸ್ಟರ್.ಸಿಎಫ್"ನಲ್ಲಿ ನಿಮ್ಮ ಬಳಕೆದಾರರ ಆ್ಯಪ್‌ಗಳು ಮೇಲ್ ಕಳಿಸುವ 465 ಮತ್ತು 587 ಪೋರ್ಟ್‌ಗಳ ಸಾಲುಗಳು ಕಾಮೆಂಟ್ ಆಗಿ ಇರುತ್ತವೆ, ತೆರೆಯಿರಿ. 465ರಲ್ಲಿ ಮೊದಲ ಬೈಟಿನಿಂದಲೇ ಟಿಎಲ್‌ಎಸ್ (ಎನ್‌ಕ್ರಿಪ್ಶನ್), 587ರಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಎಂಬ ಆದೇಶ ಆದಮೇಲೆ. ಎರಡರಲ್ಲೂ ಲಾಗಿನ್ ಮತ್ತು ಎನ್‌ಕ್ರಿಪ್ಶನ್ ಕಡ್ಡಾಯ. 25ರಲ್ಲಿ ಮಾತ್ರ ಲಾಗಿನ್ ಇರಲೇಬಾರದು, ಟಿಎಲ್‌ಎಸ್ ಮಟ್ಟ "ಮೇ" ಎಂದಿರಲಿ. ಅಲ್ಲಿ ಕಡ್ಡಾಯ ಮಾಡಿದರೆ ಹಳೆಯ ಸರ್ವರ್‌ಗಳಿಂದ ಬರುವ ಮೇಲ್ ತಪ್ಪಿಹೋಗುತ್ತದೆ. ಮೇಲ್ ಓದಲು 993 ಒಂದೇ ಸಾಕು, 143 ಮತ್ತು 110 ಮುಚ್ಚಿಡಿ.

ಡವ್‌ಕಾಟ್‌ನಲ್ಲಿ ಎಲ್ಲರೂ ಎಡವುವುದು ಸಾಕೆಟ್ (ಎರಡು ಪ್ರೋಗ್ರಾಂಗಳು ಮಾತಾಡಿಕೊಳ್ಳುವ ಫೈಲು) ವಿಷಯದಲ್ಲಿ. ಡೆಬಿಯನ್‌ನ ಪೋಸ್ಟ್‌ಫಿಕ್ಸ್‌ನ ಹಲವು ಪ್ರಕ್ರಿಯೆಗಳು ಕ್ರೂಟ್ (ಒಂದೇ ಡೈರೆಕ್ಟರಿಗೆ ಸೀಮಿತವಾದ ಆವರಣ) ಒಳಗೆ ಓಡುತ್ತಿರಬಹುದು, ಅವುಗಳಿಗೆ "/ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್" ಹೊರಗಿನ ಲೋಕ ಕಾಣುವುದಿಲ್ಲ. ಹಾಗಾಗಿ ಡವ್‌ಕಾಟ್‌ನ ಆಥ್ ಸಾಕೆಟ್ಟೂ ಎಲ್‌ಎಂಟಿಪಿ ಸಾಕೆಟ್ಟೂ ಅದೇ ಡೈರೆಕ್ಟರಿಯ "ಪ್ರೈವೇಟ್" ಒಳಗೆ ಹುಟ್ಟಬೇಕು. ಯೂಸರ್, ಗ್ರೂಪ್ ಎರಡೂ ಪೋಸ್ಟ್‌ಫಿಕ್ಸ್, ಮೋಡ್ 0660. ಲಾಗ್‌ನಲ್ಲಿ "ಕನೆಕ್ಟ್ ಟು ಪ್ರೈವೇಟ್/ಆಥ್ ಫೇಲ್ಡ್" ಎಂದಿದ್ದು ಮುಂದೆ "ನೋ ಸಚ್ ಫೈಲ್" ಕಂಡರೆ ಜಾಗ ತಪ್ಪಿದೆ, "ಪರ್ಮಿಶನ್ ಡಿನೈಡ್" ಕಂಡರೆ ಮಾಲೀಕ ತಪ್ಪಿದ್ದಾನೆ.

ನೆಟ್‌ನಲ್ಲಿ ಸಿಗುವ ಡವ್‌ಕಾಟ್ ಸೆಟ್ಟಿಂಗ್‌ಗಳನ್ನು ಹಾಗೇ ಅಂಟಿಸುವ ಮೊದಲು ಆವೃತ್ತಿ ನೋಡಿ. 2.3ರ ಕಾನ್ಫಿಗ್ 2.4ರಲ್ಲಿ ಓಡುವುದಿಲ್ಲ. 2.4ರಲ್ಲಿ ಫೈಲಿನ ತಲೆಯಲ್ಲೇ ಕಾನ್ಫಿಗ್ ಆವೃತ್ತಿ ಹೇಳಬೇಕು, "ಮೇಲ್_ಲೊಕೇಶನ್" ಒಡೆದು "ಮೇಲ್_ಡ್ರೈವರ್", "ಮೇಲ್_ಪಾತ್" ಆಗಿದೆ. ಡೆಬಿಯನ್ 13ರಲ್ಲಿ ಬರುವುದು 2.4, ಅದಕ್ಕೆ ಅಪ್‌ಗ್ರೇಡ್ ಮಾಡುವ ರಾತ್ರಿ ಇದು ನೆನಪಿರಲಿ.

ಸರ್ಟಿಫಿಕೇಟ್‌ಗೆ ಲೆಟ್ಸ್ ಎನ್‌ಕ್ರಿಪ್ಟ್ ಸಾಕು. ಸರ್ಟ್‌ಬಾಟ್ ಕೊಡುವ ಫೈಲುಗಳಲ್ಲಿ "ಫುಲ್‌ಚೈನ್" ಬಳಸಿ. ಬರೀ "ಸರ್ಟ್" ಫೈಲ್ ಕೊಟ್ಟರೆ ಕೆಲವು ಮೇಲ್ ಆ್ಯಪ್‌ಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ರಿನ್ಯೂ ಆದಾಗ ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎರಡನ್ನೂ ರಿಲೋಡ್ ಮಾಡುವ ಡೆಪ್ಲಾಯ್ ಹುಕ್ ಹಾಕಿ. ಇಲ್ಲದಿದ್ದರೆ ಡಿಸ್ಕಿನಲ್ಲಿ ಹೊಸ ಸರ್ಟಿಫಿಕೇಟ್ ಇದ್ದರೂ ಡವ್‌ಕಾಟ್ ಹಳೆಯದನ್ನೇ ತೋರಿಸುತ್ತಿರುತ್ತದೆ, 90ನೇ ದಿನ ಎಲ್ಲರ ಫೋನಿನಲ್ಲೂ ಎಚ್ಚರಿಕೆ ಬರುತ್ತದೆ.

ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್

ಎಸ್‌ಪಿಎಫ್: ಈ ಡೊಮೇನ್ ಹೆಸರಲ್ಲಿ ಯಾವ ಐಪಿಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ. ಒಂದೇ ಸರ್ವರ್ ಇದ್ದರೆ "ವಿ=ಎಸ್‌ಪಿಎಫ್1 ಎಂಎಕ್ಸ್ -ಆಲ್" ಸಾಕು. ಒಂದು ಡೊಮೇನ್‌ಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಹೊಸ ಸೇವೆ ಸೇರಿಸುವಾಗ ಎರಡನೇ ಟಿಎಕ್ಸ್‌ಟಿ ದಾಖಲೆ ಹಾಕಿದರೆ ಎರಡೂ ಅಮಾನ್ಯವಾಗಿ ಪರ್ಮ್‌ಎರರ್ (ಶಾಶ್ವತ ದೋಷ) ಬರುತ್ತದೆ. ಬೇರೆ ಸೇವೆಗಳ ಪಟ್ಟಿಯನ್ನು ಸೇರಿಸುವ ಇನ್‌ಕ್ಲೂಡ್‌ಗಳನ್ನು ಪೇರಿಸುತ್ತ ಹೋದರೂ ಅದೇ ಗತಿ, ಏಕೆಂದರೆ ಒಟ್ಟು ಡಿಎನ್‌ಎಸ್ ಹುಡುಕಾಟ 10ನ್ನು ಮೀರುವಂತಿಲ್ಲ. ಇನ್‌ಕ್ಲೂಡ್ ಒಳಗಿನ ಇನ್‌ಕ್ಲೂಡೂ ಲೆಕ್ಕಕ್ಕೆ ಬರುತ್ತದೆ.

ಡಿಕಿಮ್: ಮೇಲ್‌ನ ಮೇಲೆ ನಿಮ್ಮ ಸರ್ವರ್ ಹಾಕುವ ಸಹಿ. 2048 ಬಿಟ್‌ನ ಆರ್‌ಎಸ್‌ಎ ಕೀಲಿ ಮಾಡಿ, ಸಾರ್ವಜನಿಕ ಭಾಗವನ್ನು "ಸೆಲೆಕ್ಟರ್._ಡೊಮೇನ್‌ಕೀ" ಹೆಸರಿನ ಟಿಎಕ್ಸ್‌ಟಿ ದಾಖಲೆಯಲ್ಲಿ ಇಡಿ (ಸೆಲೆಕ್ಟರ್ ಎಂದರೆ ಆ ಕೀಲಿಗೆ ನೀವಿಡುವ ಹೆಸರು). ಟಿಎಕ್ಸ್‌ಟಿ ದಾಖಲೆಯ ಒಂದು ತುಂಡು 255 ಅಕ್ಷರ ಮೀರುವಂತಿಲ್ಲ, 2048 ಬಿಟ್ ಕೀಲಿ ಅದಕ್ಕಿಂತ ಉದ್ದ. ಆದ್ದರಿಂದ ಉದ್ಧರಣ ಚಿಹ್ನೆಗಳ ಒಳಗೆ ಎರಡು ತುಂಡು ಮಾಡಬೇಕು. ಕೆಲವು ಡಿಎನ್‌ಎಸ್ ಪ್ಯಾನೆಲ್‌ಗಳು ತಾವೇ ತುಂಡು ಮಾಡುತ್ತವೆ, ಕೆಲವು ಸದ್ದಿಲ್ಲದೆ ಬಾಲ ಕತ್ತರಿಸುತ್ತವೆ. ದಾಖಲೆ ಹಾಕಿದ ಮೇಲೆ "ಡಿಗ್" ಕಮಾಂಡಿನಿಂದ ತೆಗೆದು ಮೂಲ ಕೀಲಿಯ ಕೊನೆಯ ಹತ್ತು ಅಕ್ಷರ ಹೋಲಿಸಿ ನೋಡಿ.

ಸಹಿ ಇದ್ದೂ ಪರೀಕ್ಷೆಯಲ್ಲಿ ಬಿದ್ದರೆ ಕಾರಣದ ಸಾಲು ಓದಿ. "ಬಾಡಿ ಹ್ಯಾಶ್ ಡಿಡ್ ನಾಟ್ ವೆರಿಫೈ" ಎಂದಿದ್ದರೆ ಕೀಲಿಯದ್ದು ತಪ್ಪಲ್ಲ, ಸಹಿ ಬಿದ್ದ ಮೇಲೆ ಯಾರೋ ಮೇಲ್‌ನ ಒಡಲನ್ನು ಮುಟ್ಟಿದ್ದಾರೆ: ಅಡಿಟಿಪ್ಪಣಿ ಸೇರಿಸುವ ಫಿಲ್ಟರ್, ಮೇಲಿಂಗ್ ಲಿಸ್ಟ್ ಇತ್ಯಾದಿ. ಒಡಲಿನ ಹ್ಯಾಶ್ ಸರಿಯಿದ್ದು ಸಹಿ ಮಾತ್ರ ತಾಳೆಯಾಗದಿದ್ದರೆ ಮೊದಲು ಡಿಎನ್‌ಎಸ್‌ನಲ್ಲಿರುವ ಕೀಲಿಯನ್ನೂ ಸೆಲೆಕ್ಟರ್ ಹೆಸರನ್ನೂ ಅನುಮಾನಿಸಿ.

ಡಿಮಾರ್ಕ್: ಈ ಪರೀಕ್ಷೆಗಳಲ್ಲಿ ಬಿದ್ದ ಮೇಲನ್ನು ಏನು ಮಾಡಬೇಕೆಂದು ಹೇಳುವ ದಾಖಲೆ. ಅದರ ಮರ್ಮ ಇರುವುದು ಹೊಂದಾಣಿಕೆಯಲ್ಲಿ. ಎಸ್‌ಪಿಎಫ್ ಅಥವಾ ಡಿಕಿಮ್ ಪಾಸಾದರಷ್ಟೇ ಸಾಲದು, ಪಾಸಾದ ಡೊಮೇನ್ ಓದುವವರಿಗೆ ಕಾಣುವ ಫ್ರಮ್ ವಿಳಾಸದ ಡೊಮೇನ್‌ಗೆ ತಾಳೆಯಾಗಬೇಕು. ಮೊದಲು "ಪಿ=ನನ್" (ಏನೂ ಮಾಡಬೇಡಿ) ಇಟ್ಟು "ಆರ್‌ಯುಎ" ವಿಳಾಸಕ್ಕೆ ವರದಿ ತರಿಸಿಕೊಳ್ಳಿ. ನಿಮಗೆ ಮರೆತೇಹೋಗಿದ್ದ ಯಾವುದೋ ವೆಬ್‌ಸೈಟ್ ಫಾರ್ಮ್ ನಿಮ್ಮ ಹೆಸರಲ್ಲಿ ಮೇಲ್ ಕಳಿಸುತ್ತಿರುವುದು ಆ ವರದಿಯಲ್ಲೇ ಸಿಕ್ಕಿಬೀಳುತ್ತದೆ. ಕೆಲವು ವಾರ ನೋಡಿ "ಕ್ವಾರಂಟೈನ್", ಆಮೇಲೆ "ರಿಜೆಕ್ಟ್". ಫಾರ್ವರ್ಡ್ ಆದ ಮೇಲ್‌ಗಳಲ್ಲಿ ಎಸ್‌ಪಿಎಫ್ ಮುರಿಯುವುದು ಸಹಜ, ಅಲ್ಲಿ ಕಾಪಾಡುವುದು ಡಿಕಿಮ್ ಒಂದೇ.

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಕಳಿಸುವವರೆಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕು, ಸರಿಯಾದ ಪಿಟಿಆರ್ ಬೇಕು. ಜಿಮೇಲ್‌ಗೆ ದಿನಕ್ಕೆ 5000ಕ್ಕೂ ಹೆಚ್ಚು ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ. ಸ್ಪ್ಯಾಮ್ ದೂರು 0.3 ಶೇಕಡ ಮುಟ್ಟಬಾರದು.

ಲಾಗ್ ಓದುವ ಬಗೆ

ಮೇಲ್ ಹೋಗಲಿಲ್ಲ ಎಂದಾಗ ಸೆಟ್ಟಿಂಗ್ ಮುಟ್ಟಬೇಡಿ, ಲಾಗ್ ತೆರೆಯಿರಿ. ಪ್ರತಿ ಮೇಲ್‌ಗೂ ಒಂದು ಕ್ಯೂ ಐಡಿ ಇರುತ್ತದೆ, ಅದನ್ನು ಹಿಡಿದು "ಗ್ರೆಪ್" ಮಾಡಿದರೆ ಆ ಮೇಲ್‌ನ ಪೂರ್ತಿ ಜಾತಕ ಸಿಗುತ್ತದೆ. ಕೊನೆಯ ಸಾಲು ಹೀಗಿದೆ ಅನ್ನಿ:

ರಿಲೇ=ನನ್, ಡಿಲೇ=30, ಡಿಲೇಸ್=0.08/0.02/30/0, ಡಿಎಸ್‌ಎನ್=4.4.1, ಸ್ಟೇಟಸ್=ಡೆಫರ್ಡ್, ಕನೆಕ್ಷನ್ ಟೈಮ್ಡ್ ಔಟ್

ನಾಲ್ಕು ಡಿಲೇಗಳನ್ನು ಎಡದಿಂದ ಓದಿ. ಮೊದಲನೆಯದು ಕ್ಯೂ ಮ್ಯಾನೇಜರ್ ಕೈಗೆ ಬರುವವರೆಗಿನ ಸಮಯ, ಎರಡನೆಯದು ಕ್ಯೂ ಮ್ಯಾನೇಜರ್ ಬಳಿ ಕಾದದ್ದು, ಮೂರನೆಯದು ಡಿಎನ್‌ಎಸ್, ಹೆಲೋ, ಟಿಎಲ್‌ಎಸ್ ಸೇರಿದಂತೆ ಸಂಪರ್ಕ ಕುದುರಿಸಲು ಹಿಡಿದದ್ದು, ನಾಲ್ಕನೆಯದು ಮೇಲ್ ಸಾಗಿಸಲು ಹಿಡಿದದ್ದು. ಇಲ್ಲಿ 30 ಸೆಕೆಂಡೂ ಮೂರನೇ ಜಾಗದಲ್ಲಿದೆ. ಅದು ಪೋಸ್ಟ್‌ಫಿಕ್ಸ್‌ನ ಸಂಪರ್ಕ ಟೈಮ್‌ಔಟಿನ ಡಿಫಾಲ್ಟ್ ಅವಧಿ. ರಿಲೇ "ನನ್" ಎಂದರೆ ಆಚೆ ಕಡೆಯವರನ್ನು ಮುಟ್ಟಲೇ ಇಲ್ಲ. ಎಲ್ಲ ಡೊಮೇನ್‌ಗಳಿಗೂ ಹೀಗೇ ಆದರೆ ನಿಮ್ಮ 25ನೇ ಪೋರ್ಟ್ ಮುಚ್ಚಿದೆ, ಒಂದೇ ಡೊಮೇನ್‌ಗೆ ಆದರೆ ಅವರ ಕಡೆಯ ತೊಂದರೆ. ಎರಡನೇ ಅಂಕಿ ದೊಡ್ಡದಾದರೆ ನಿಮ್ಮಲ್ಲೇ ಕ್ಯೂ ಕಟ್ಟಿಕೊಂಡಿದೆ. ಹಲವು ಸಲ ಪ್ರಯತ್ನಿಸಿದ ಮೇಲ್‌ಗಳಲ್ಲಿ ಮೊದಲನೆಯದು ದೊಡ್ಡದಿರುವುದು ಸಹಜ, ಹೆದರಬೇಕಿಲ್ಲ.

ಕೋಡ್ 4ರಿಂದ ಶುರುವಾದರೆ ತಾತ್ಕಾಲಿಕ, 5ರಿಂದ ಶುರುವಾದರೆ ಅಂತಿಮ. ತಾತ್ಕಾಲಿಕವಾದದ್ದನ್ನು ಪೋಸ್ಟ್‌ಫಿಕ್ಸ್ 300ರಿಂದ 4000 ಸೆಕೆಂಡುಗಳ ಅಂತರ ಬಿಟ್ಟು 5 ದಿನ ಪ್ರಯತ್ನಿಸುತ್ತದೆ. 450 ಅಥವಾ 451 ಬಂದು ಗ್ರೇಲಿಸ್ಟ್ (ಹೊಸಬರನ್ನು ಮೊದಲ ಸಲ ಬೇಕೆಂದೇ ಕಾಯಿಸುವುದು) ಎಂದಿದ್ದರೆ ಸುಮ್ಮನಿರಿ. ಕ್ಯೂವನ್ನು ಈಗಲೇ ಕಳಿಸು ಎನ್ನುವ "ಪೋಸ್ಟ್‌ಕ್ಯೂ -ಎಫ್" ಒತ್ತುತ್ತಾ ಕೂತರೆ ಬೇಗ ಹೋಗುವುದಿಲ್ಲ, ನಿಧಾನಿಸು ಎಂದು 421 ಕೊಟ್ಟ ಸರ್ವರ್‌ಗೆ ಸಿಟ್ಟು ಬರಿಸುತ್ತೀರಿ ಅಷ್ಟೆ.

ಪದೇಪದೇ ಕಾಣುವ ಕೆಲವು ಸಂದೇಶಗಳು:

"550 5.7.26" ಜಿಮೇಲ್‌ನಿಂದ: ಎಸ್‌ಪಿಎಫ್ ಅಥವಾ ಡಿಕಿಮ್‌ನಿಂದ ದೃಢೀಕರಣ ಆಗಲಿಲ್ಲ. "550 5.7.25": ಪಿಟಿಆರ್ ಇಲ್ಲ ಅಥವಾ ಅದು ತೋರಿಸುವ ಹೆಸರು ಮತ್ತೆ ಅದೇ ಐಪಿಗೆ ಬರುತ್ತಿಲ್ಲ. ಐಪಿವಿ6 ಮರೆತಿಲ್ಲ ತಾನೇ?

"ರಿಲೇ ಆಕ್ಸೆಸ್ ಡಿನೈಡ್": ನಿಮ್ಮದೇ ಬಳಕೆದಾರರಿಗೆ ಬಂದರೆ ಅವರ ಆ್ಯಪ್ ಲಾಗಿನ್ ಇಲ್ಲದೆ 25ಕ್ಕೆ ಬರುತ್ತಿದೆ, 465ಕ್ಕೆ ಬದಲಿಸಿ. ಹೊರಗಿನಿಂದ ನಿಮಗೆ ಬರೆಯುವವರಿಗೆ ಬಂದರೆ ನಿಮ್ಮ ಡೊಮೇನ್ ವರ್ಚುವಲ್ ಪಟ್ಟಿಯಲ್ಲೇ ಇಲ್ಲ.

"ಲೂಪ್ಸ್ ಬ್ಯಾಕ್ ಟು ಮೈಸೆಲ್ಫ್": ಎಂಎಕ್ಸ್ ನಿಮ್ಮ ಸರ್ವರನ್ನೇ ತೋರಿಸುತ್ತಿದೆ, ಆದರೆ ಆ ಡೊಮೇನ್ ತನ್ನದೆಂದು ಪೋಸ್ಟ್‌ಫಿಕ್ಸ್‌ಗೆ ಯಾರೂ ಹೇಳಿಲ್ಲ.

"ಇನ್‌ಸಫಿಶಿಯೆಂಟ್ ಸಿಸ್ಟಂ ಸ್ಟೋರೇಜ್": ಡಿಸ್ಕ್ ಪೂರ್ತಿ ತುಂಬಿರಬೇಕೆಂದಿಲ್ಲ. ಖಾಲಿ ಜಾಗ "ಮೆಸೇಜ್_ಸೈಜ್_ಲಿಮಿಟ್"ನ ಒಂದೂವರೆ ಪಟ್ಟಿಗಿಂತ ಕಡಿಮೆಯಾದರೆ ಪೋಸ್ಟ್‌ಫಿಕ್ಸ್ ಮೇಲ್ ಒಪ್ಪುವುದನ್ನು ನಿಲ್ಲಿಸುತ್ತದೆ. ಆ ಮಿತಿಯ ಡಿಫಾಲ್ಟ್ 10240000 ಬೈಟ್. ಲಗತ್ತು ಬೇಸ್64 ಆಗುವಾಗ ಮೂರನೇ ಒಂದರಷ್ಟು ಉಬ್ಬುತ್ತದೆ, ಹಾಗಾಗಿ 8 ಎಂಬಿಯ ಫೈಲೂ ಈ ಮಿತಿಯಲ್ಲಿ ತಿರಸ್ಕೃತ. 25 ಎಂಬಿ ಲಗತ್ತು ಬೇಕಿದ್ದರೆ ಮಿತಿಯನ್ನು 36 ಎಂಬಿಯಷ್ಟು ಇಡಿ.

ಎಲ್ಲ ಪಾಸಾಗಿಯೂ ಸ್ಪ್ಯಾಮ್ ಫೋಲ್ಡರ್‌ಗೆ ಹೋದರೆ ಕಾರಣ ಸಾಮಾನ್ಯವಾಗಿ ಐಪಿ ಹೊಸದು ಅನ್ನುವುದೇ. ಪರಿಚಯದವರಿಗೆ ಸ್ವಲ್ಪಸ್ವಲ್ಪ ಕಳಿಸಿ, ಅವರು ಉತ್ತರ ಕೊಡಲಿ, "ಸ್ಪ್ಯಾಮ್ ಅಲ್ಲ" ಒತ್ತಲಿ. ಸುದ್ದಿಪತ್ರದಂಥ ಸಾಮೂಹಿಕ ಮೇಲ್ ಈ ಐಪಿಯಿಂದ ಬೇಡವೇ ಬೇಡ.

ಒಳಬರುವ ಸ್ಪ್ಯಾಮ್

ಆರ್‌ಸ್ಪ್ಯಾಮ್‌ಡಿಯನ್ನು 11332 ಪೋರ್ಟ್‌ನಲ್ಲಿ ಮಿಲ್ಟರ್ (ಪೋಸ್ಟ್‌ಫಿಕ್ಸ್ ಮೇಲನ್ನು ತೋರಿಸಿ ಕೇಳುವ ಫಿಲ್ಟರ್) ಆಗಿ ಜೋಡಿಸಿ, ಡಿಫಾಲ್ಟ್ ಅಂಕಗಳನ್ನು ಒಂದಷ್ಟು ದಿನ ಹಾಗೇ ಬಿಡಿ. "ಮಿಲ್ಟರ್_ಡಿಫಾಲ್ಟ್_ಆಕ್ಷನ್" "ಆಕ್ಸೆಪ್ಟ್" ಎಂದಿಟ್ಟರೆ ಆರ್‌ಸ್ಪ್ಯಾಮ್‌ಡಿ ಸತ್ತಾಗಲೂ ಮೇಲ್ ಬರುತ್ತದೆ. ಆದರೆ ಆಗ ಹೊರಹೋಗುವ ಮೇಲ್‌ಗೆ ಡಿಕಿಮ್ ಸಹಿಯೂ ಬೀಳುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. "ಟೆಂಪ್‌ಫೇಲ್" ಇಡುವುದೇ ಮೇಲು, ಕಳಿಸಿದ ಸರ್ವರ್ ಹೇಗೂ ಮತ್ತೆ ಪ್ರಯತ್ನಿಸುತ್ತದೆ.

ಬ್ಲಾಕ್‌ಲಿಸ್ಟ್ ಬಳಸುವವರು ಸರ್ವರ್‌ನಲ್ಲೇ ಅನ್‌ಬೌಂಡ್‌ನಂಥ ಸ್ವಂತ ರಿಸಾಲ್ವರ್ (ಡಿಎನ್‌ಎಸ್ ದಾಖಲೆ ಹುಡುಕಿಕೊಡುವ ಪ್ರೋಗ್ರಾಂ) ಇಟ್ಟುಕೊಳ್ಳಬೇಕು. 8.8.8.8ರಂಥ ಸಾರ್ವಜನಿಕ ರಿಸಾಲ್ವರ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ ಉತ್ತರ ಕೊಡುವ ಬದಲು 127.255.255.254 ಎಂಬ ದೋಷ ಕೋಡ್ ಕೊಡುತ್ತದೆ. ಏನೇ ಉತ್ತರ ಬಂದರೂ "ಪಟ್ಟಿಯಲ್ಲಿದೆ" ಎಂದು ತಿಳಿಯುವ ಸೆಟ್ಟಿಂಗ್ ಇದ್ದರೆ ಬರುವ ಮೇಲೆಲ್ಲ ವಾಪಸ್.

ಅಕೌಂಟ್ ಕದ್ದುಹೋದಾಗ

ಇದ್ದಕ್ಕಿದ್ದಂತೆ "ಪೋಸ್ಟ್‌ಕ್ಯೂ -ಪಿ" ಸಾವಿರಾರು ಮೇಲ್ ತೋರಿಸಿದರೆ ಯಾರದೋ ಪಾಸ್‌ವರ್ಡ್ ಹೊರಬಿದ್ದಿದೆ. ಮೊದಲು "ಪೋಸ್ಟ್‌ಸೂಪರ್ -ಎಚ್" ಜೊತೆ ದೊಡ್ಡಕ್ಷರದಲ್ಲಿ "ಆಲ್" ಎಂದು ಕೊಟ್ಟು ಇಡೀ ಕ್ಯೂ ತಡೆಹಿಡಿಯಿರಿ. ಲಾಗ್‌ನಲ್ಲಿ "ಎಸ್‌ಎಎಸ್‌ಎಲ್_ಯೂಸರ್‌ನೇಮ್" ಎಣಿಸಿ ಯಾವ ಅಕೌಂಟ್ ಎಂದು ಕಂಡುಹಿಡಿಯಿರಿ. ಪಾಸ್‌ವರ್ಡ್ ಬದಲಿಸಿ, ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಎರಡನ್ನೂ ರೀಸ್ಟಾರ್ಟ್ ಮಾಡಿ. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಆಗಲೇ ಲಾಗಿನ್ ಆಗಿರುವ ಸಂಪರ್ಕ ಕಡಿಯುವುದಿಲ್ಲ. ಆಮೇಲೆ ಆ ಕಳಿಸಿದವರ ಮೇಲ್‌ಗಳನ್ನಷ್ಟೇ ಆರಿಸಿ ಅಳಿಸಿ, ಉಳಿದದ್ದನ್ನು ದೊಡ್ಡ "ಎಚ್" ಆಯ್ಕೆಯಿಂದ ಬಿಡುಗಡೆ ಮಾಡಿ. ಅದೇ ವ್ಯಕ್ತಿಯ ಫೋನು, ಲ್ಯಾಪ್‌ಟಾಪುಗಳನ್ನೂ ಪರೀಕ್ಷಿಸಿ. ಪಾಸ್‌ವರ್ಡ್ ಕದ್ದ ಮಾಲ್‌ವೇರ್ ಅಲ್ಲೇ ಕೂತಿದ್ದರೆ ಹೊಸದೂ ನಾಳೆ ಹೋಗುತ್ತದೆ.

ಇಂಥದ್ದು ಮರುಕಳಿಸದಿರಲು 465 ಮತ್ತು 587ರಲ್ಲಿ ಬೇರೆಯವರ ವಿಳಾಸದಿಂದ ಕಳಿಸಲು ಬಿಡದ "ರಿಜೆಕ್ಟ್_ಸೆಂಡರ್_ಲಾಗಿನ್_ಮಿಸ್‌ಮ್ಯಾಚ್" ಹಾಕಿ, ಒಬ್ಬೊಬ್ಬರಿಗೂ ಗಂಟೆಗಿಷ್ಟು ಎಂದು ಆರ್‌ಸ್ಪ್ಯಾಮ್‌ಡಿಯಲ್ಲಿ ಮಿತಿ ಇಡಿ, ಲಾಗಿನ್ ಊಹಿಸುವವರ ಐಪಿ ತಡೆಯಲು ಫೇಲ್2ಬ್ಯಾನ್ ಇರಲಿ. ಐಪಿ ಬ್ಲಾಕ್‌ಲಿಸ್ಟ್ ಸೇರಿದ್ದರೆ ತೆಗೆಸುವ ಅರ್ಜಿಯನ್ನು ಇದೆಲ್ಲ ಮುಗಿದು, ಒಂದು ದಿನ ಲಾಗ್ ಶಾಂತವಾಗಿ ಕಂಡ ಮೇಲೆ ಹಾಕಿ. ಕಾರಣ ಸರಿಪಡಿಸದೆ ಹಾಕಿದರೆ ಗಂಟೆಗಳಲ್ಲೇ ಮತ್ತೆ ಪಟ್ಟಿಗೆ ಸೇರುತ್ತೀರಿ, ಎರಡನೇ ಸಲದ ಅರ್ಜಿ ಅಷ್ಟು ಸುಲಭಕ್ಕೆ ಕಿವಿಗೆ ಬೀಳುವುದಿಲ್ಲ.